ಅಪ್‌ಡೇಟ್: ಲಾಗ್ ವಿಡಿಯೊದಲ್ಲಿ ಮುಖದ ಬಣ್ಣ ಪೇಲವವಾಗಿದ್ದು ಯಾಕೆ ಅಂತ ಗೊತ್ತಾಯಿತು

ಎಸ್-ಲಾಗ್3ರಲ್ಲಿ (ಸೋನಿ ಕ್ಯಾಮೆರಾದ ಲಾಗ್ ಮೋಡ್, ಎಡಿಟಿಂಗ್‌ನಲ್ಲಿ ಬಣ್ಣ ಸರಿಪಡಿಸಲೆಂದೇ ಚಪ್ಪಟೆಯಾಗಿ ರೆಕಾರ್ಡ್ ಮಾಡುತ್ತದೆ) ತೆಗೆದ ವಿಡಿಯೊಗೆ ಲಟ್ (LUT, ಬಣ್ಣ ಬದಲಿಸುವ ರೆಡಿಮೇಡ್ ಪಟ್ಟಿ) ಹಾಕಿದರೂ ಮುಖಗಳು ಪೇಲವವಾಗಿವೆ, ನೆರಳಿನಲ್ಲಿ ನಾಯ್ಸ್ (ಕಾಳುಕಾಳು ಚುಕ್ಕೆಗಳು) ಬೇರೆ ಜಾಸ್ತಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ತಪ್ಪು ನನ್ನದೇ. ಕ್ಯಾಮೆರಾದಲ್ಲಿ ಕಲರ್ ಮೋಡ್ ಎಸ್-ಗ್ಯಾಮಟ್3 ಇತ್ತು. ನಾನು ಹಾಕಿದ ಲಟ್ ಎಸ್-ಗ್ಯಾಮಟ್3.ಸಿನಿಗೆ ಮಾಡಿದ್ದು. ಹೆಸರು ಅಣ್ಣತಮ್ಮಂದಿರ ಹಾಗಿದೆ, ಆದರೆ ಮೊದಲನೆಯದರ ಬಣ್ಣದ ವ್ಯಾಪ್ತಿ ಇನ್ನೂ ದೊಡ್ಡದು. ಲಾಗ್ ಬೆಳಕಿನ ಏರಿಳಿತವನ್ನು ಫೈಲಿನಲ್ಲಿ ಹೇಗೆ ಹಂಚಬೇಕು ಅಂತ ಹೇಳುತ್ತದೆ, ಅಷ್ಟೇ. ಯಾವ ಸಂಖ್ಯೆ ಅಂದರೆ ಯಾವ ಬಣ್ಣ ಅನ್ನುವುದನ್ನು ಹೇಳುವುದು ಗ್ಯಾಮಟ್. ದೊಡ್ಡ ವ್ಯಾಪ್ತಿಯ ಸಂಖ್ಯೆಗಳನ್ನು ಲಟ್ ಚಿಕ್ಕ ವ್ಯಾಪ್ತಿಯವು ಅಂತ ಓದಿದ್ದಕ್ಕೇ ಬಣ್ಣ ಪೇಲವವಾಗಿದ್ದು. ನಾನು ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ಸ್ಯಾಚುರೇಶನ್ ಏರಿಸುತ್ತಾ ಕೂತಿದ್ದೆ!

ಈಗ ಎಡಿಟಿಂಗ್‌ನಲ್ಲಿ ಇನ್‌ಪುಟ್ ಗ್ಯಾಮಟ್ ಸರಿಯಾಗಿ ಆರಿಸಿ ರೆಕ್.709ಗೆ (ಸಾಮಾನ್ಯ ಟಿವಿ, ಪರದೆಗಳ ಬಣ್ಣದ ಮಾನದಂಡ) ಬದಲಿಸಿದೆ. ಮುಖಗಳಿಗೆ ಜೀವ ಬಂತು. ಮತ್ತೆ ಶೂಟ್ ಮಾಡುವ ಕೆಲಸ ತಪ್ಪಿತು.

ನಾಯ್ಸ್ ಮಾತ್ರ ಬೇರೆ ಸಮಸ್ಯೆ. ಎಸ್-ಲಾಗ್3ರಲ್ಲಿ 18% ಬೂದು ಕಾರ್ಡ್ (ಬೀಳುವ ಬೆಳಕಿನ 18% ಹಿಂತಿರುಗಿಸುವ, ಬೆಳಕು ಅಳೆಯುವ ಕಾರ್ಡ್) ವಿಡಿಯೊ ಸಿಗ್ನಲ್‌ನ ಅಳತೆಯಲ್ಲಿ ಸುಮಾರು 41%ನಲ್ಲಿ ಕೂರಬೇಕು. ನನ್ನದು ಅದಕ್ಕಿಂತ ತುಂಬಾ ಕೆಳಗಿತ್ತು, ಅಂದರೆ ಬೆಳಕು ಸಾಲದಾಗಿತ್ತು. ಹೈಲೈಟ್ (ತುಂಬಾ ಬೆಳಕಿರುವ ಭಾಗ) ಸುಡದಂತೆ ನೋಡಿಕೊಂಡು ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು, ಬೆಳಕು ಕೊಟ್ಟು ಪರೀಕ್ಷೆ ಮಾಡಿದೆ, ನೆರಳು ಎಷ್ಟೋ ಸ್ವಚ್ಛವಾಯಿತು.

ಆಕಾಶದ ಒಂದು ಶಾಟ್ ಮಾತ್ರ ಕೈಬಿಟ್ಟೆ. ಅದು 8 ಬಿಟ್‌ನಲ್ಲಿತ್ತು. ಪ್ರತಿ ಚಾನೆಲ್‌ಗೆ ಛಾಯೆಯ 256 ಮೆಟ್ಟಿಲು ಅಷ್ಟೇ, ಕಾಂಟ್ರಾಸ್ಟ್ ಎಳೆದ ಕೂಡಲೇ ಪಟ್ಟಿ ಪಟ್ಟಿಯಾಗಿ ಒಡೆಯುತ್ತದೆ. 10 ಬಿಟ್‌ನಲ್ಲಿ 1024 ಇರುತ್ತವೆ. ಆ ಸೆಟ್ಟಿಂಗ್ ನನ್ನ ಕ್ಯಾಮೆರಾದಲ್ಲೇ ಇತ್ತು, ಮೆನುವಿನಲ್ಲಿ ನಾನು ನೋಡಿರಲಿಲ್ಲ.