ಲೆಗ್ಯೂಮ್‌ಗೆ ದ್ವಿದಳ ಧಾನ್ಯ ಅಂತ ಬರಿಯೋದು ಸರಿನಾ?

ಎಲ್ರಿಗೂ ನಮಸ್ಕಾರ,

ಮಳೆ ನಂಬಿ ಮಾಡೋ ಬೇಸಾಯದಲ್ಲಿ ಅಂತರ ಬೆಳೆ (ಮುಖ್ಯ ಬೆಳೆಯ ಸಾಲುಗಳ ನಡುವೆ ಹಾಕೋ ಇನ್ನೊಂದು ಬೆಳೆ) ಬಗ್ಗೆ ಒಂದು ಬರಹ ಕನ್ನಡಕ್ಕೆ ತರ್ತಾ ಇದೀನಿ, ಒಂದು ಪದದ ಹತ್ರ ಬಂದು ನಿಂತುಬಿಟ್ಟಿದೀನಿ. ಲೆಗ್ಯೂಮ್ (ಅವರೆ, ತೊಗರಿ ಜಾತಿಗೆ ಸೇರಿದ ಗಿಡಗಳು) ಅನ್ನೋ ಇಂಗ್ಲಿಷ್ ಪದಕ್ಕೆ ನಾವೆಲ್ಲ ದ್ವಿದಳ ಧಾನ್ಯ ಅಂತ ಬರೀತೀವಿ, ಆದ್ರೆ ಓದೋರ ಕಣ್ಮುಂದೆ ಬರೋದು ತೊಗರಿ, ಹೆಸರು, ಉದ್ದು, ಹುರುಳಿ, ಅಲಸಂದೆ, ಅಂದ್ರೆ ಬೇಳೆಕಾಳು ಅಷ್ಟೇ. ಶೇಂಗಾ, ಸೋಯಾ ಎಲ್ಲಿ ಹೋದ್ವು? ಅವೂ ಲೆಗ್ಯೂಮೇ, ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯೋವೇ, ಆದ್ರೆ ಬೆಳೆ ಪಟ್ಟಿಲಿ ಅವು ಎಣ್ಣೆಕಾಳು. ಹಾಗಾಗಿ "ದ್ವಿದಳ ಧಾನ್ಯಕ್ಕೆ ರೈಜೋಬಿಯಂ" (ಈ ಗಂಟು ಕಟ್ಟಿಸೋ ಬ್ಯಾಕ್ಟೀರಿಯಾ, ಬೀಜಕ್ಕೆ ಲೇಪಿಸ್ತಾರೆ) ಅಂತ ಬರೆದ್ರೆ ಶೇಂಗಾ ಬೆಳೆಯೋರು ಇದು ನಮಗಲ್ಲ ಅಂದ್ಕೊಂಡು ಮುಂದಕ್ಕೆ ಹೋಗ್ತಾರೆ.

ಸರಿ, ಧಾನ್ಯ ಬಿಟ್ಟು ಬರೀ "ದ್ವಿದಳ ಬೆಳೆ" ಅನ್ನೋಣ ಅಂದ್ರೆ ಅದು ಇನ್ನೂ ಕಷ್ಟ, ಯಾಕಂದ್ರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೀಜದಲ್ಲಿ ಎರಡು ದಳ ಇರೋದೆಲ್ಲ ದ್ವಿದಳವೇ, ಸೂರ್ಯಕಾಂತಿ, ಎಳ್ಳು, ಹರಳು, ಕುಸುಬೆ ಎಲ್ಲಾ ಬಂದುಬಿಡುತ್ತೆ. ಇವಕ್ಕೆ ರೈಜೋಬಿಯಂ ಲೇಪಿಸಿದ್ರೆ ಗಂಟು ಕಟ್ಟಲ್ಲ, ಗಂಟು ಕಟ್ಟದೇನೇ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾಗಳಾದ ಅಜೋಸ್ಪಿರಿಲಂ ಇಲ್ಲಾ ಅಜಟೋಬ್ಯಾಕ್ಟರ್ ಕೊಡಬೇಕು. (ರಂಜಕ ಕರಗಿಸೋ ಬ್ಯಾಕ್ಟೀರಿಯಾ ಮಾತ್ರ ಎರಡು ಗುಂಪಿಗೂ ಆಗುತ್ತೆ.) ತೊಗರಿ ಜೊತೆ ಸೂರ್ಯಕಾಂತಿ ಹಾಕೋರಿಗೆ ಈ ಒಂದು ಪದದಿಂದ ಬೀಜೋಪಚಾರನೇ ತಪ್ಪಬಹುದು.

ಶಿಂಬಿ ಅನ್ನೋ ಸಂಸ್ಕೃತ ಪದ ಇದೆ, ಅರ್ಥ ಸರಿಯಾಗಿದೆ, ಆದ್ರೆ ಹೊಲದಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. "ಬೇರುಗಂಟಿನ ಬೆಳೆ" ಅಂತ ಕಟ್ಟಿ ನೋಡಿದೆ, ನನಗೆ ಹಿಡಿಸ್ತು ಕೂಡ. ಆದ್ರೆ ಮಣ್ಣಲ್ಲಿರೋ ಜಂತುಹುಳದಿಂದ (ನೆಮಟೋಡ್) ಗಿಡಕ್ಕೆ ಬರೋ ಕಾಯಿಲೆಗೂ ಬೇರುಗಂಟು ರೋಗ ಅಂತಾನೇ ಹೆಸರು! ಒಂದು ಗಂಟು ಬೇಕಾದ್ದು, ಇನ್ನೊಂದು ಬೇಡದ್ದು. ಒಳ್ಳೆ ಗಂಟು ಬೇರಿನ ಪಕ್ಕಕ್ಕೆ ಅಂಟ್ಕೊಂಡಿರುತ್ತೆ, ಉಜ್ಜಿದ್ರೆ ಉದುರುತ್ತೆ, ಕೊಯ್ದ್ರೆ ಒಳಗೆ ನಸುಗೆಂಪು. ರೋಗದಲ್ಲಿ ಬೇರು ತಾನೇ ಊದಿರುತ್ತೆ, ಕಿತ್ತರೆ ಬೇರೂ ಕಿತ್ತು ಬರುತ್ತೆ. ಇವೆರಡಕ್ಕೂ ಬೇರೆ ಬೇರೆ ಹೆಸರು ಯಾರಾದ್ರೂ ಬಳಸ್ತೀರಾ?

ರೈಜೋಬಿಯಂ ಥರದವಕ್ಕೆ ಹೇಳೋ ಜೈವಿಕ ಗೊಬ್ಬರ ಅನ್ನೋ ಪದಾನೂ ಹಾಗೇ. ಗೊಬ್ಬರ ಅಂದ ತಕ್ಷಣ ಸಾವಯವ ಗೊಬ್ಬರದ ಥರ ಬುಟ್ಟಿಗಟ್ಟಲೆ ಎರಚೋದು ಅನ್ಸುತ್ತೆ. ಇದ್ರಲ್ಲಿರೋದು ಜೀವ ಇರೋ ಅಣುಜೀವಿಗಳು, ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಸವರಿ ನೆರಳಲ್ಲಿ ಆರಿಸಿ ಬೇಗ ಬಿತ್ತಬೇಕು, ಬಿಸಿಲಿಗೆ ಇಟ್ರೆ ಸಾಯ್ತವೆ. ಅದಕ್ಕೇ ನನಗೆ "ಜೀವಾಣು ಗೊಬ್ಬರ" ವಾಸಿ ಅನ್ಸುತ್ತೆ, ಜೀವ ಇದೆ ಅನ್ನೋದು ಪದದಲ್ಲೇ ಗೊತ್ತಾಗುತ್ತೆ.

ಕೊನೇದಾಗಿ ಅಂತರ ಬೆಳೆ. ಇದನ್ನ "ಬೆಳೆ ಅಂತರ" ಜೊತೆ ಗೊಂದಲ ಮಾಡ್ಕೊಳೋರಿದ್ದಾರೆ, ಅದು ಗಿಡದಿಂದ ಗಿಡಕ್ಕೆ ಬಿಡೋ ಜಾಗ. ಸಾಲಿನ ಲೆಕ್ಕ ಇಲ್ದೆ ಬೀಜ ಬೆರೆಸಿ ಎರಚೋದು ಮಿಶ್ರ ಬೆಳೆ, ಅದೂ ಬೇರೆ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಸಾಲು ಹಾಕೋದಕ್ಕೆ ಅಕ್ಕಡಿ ಅಂತ ಸೊಗಸಾದ ಮಾತಿದೆ, ಕಾಳು ಎಣ್ಣೆಕಾಳು ಎರಡೂ ಅದ್ರಲ್ಲೇ ಬಂತು ನೋಡಿ. ಆದ್ರೆ ಶೇಂಗಾ ಮುಖ್ಯ ಬೆಳೆಯಾಗಿ ನಡುವೆ ತೊಗರಿ ಸಾಲು ಬಂದ್ರೂ ಅಕ್ಕಡಿ ಅನ್ನಬಹುದಾ, ಅಥವಾ ಅದು ರಾಗಿಗೇ ಸೇರಿದ ಮಾತಾ? ನಿಮ್ಮ ಕಡೆ ಹೇಗಂತೀರಿ, ದಯವಿಟ್ಟು ತಿಳಿಸಿ.