ಬಿ.ಎ. ಆಯಿತು, ಇತಿಹಾಸದಲ್ಲಿ ಎಂ.ಎ., ಪಿಎಚ್‌.ಡಿ. ಮಾಡೋಕೆ ನಾನು ತಯಾರಿದ್ದೀನಾ?

ಪ್ರಶ್ನೆ: ಮಂಡ್ಯದವಳು. ಬಿ.ಎ. ಕೊನೆಯ ಸೆಮಿಸ್ಟರ್. ಇತಿಹಾಸದಲ್ಲಿ ಒಳ್ಳೆಯ ಅಂಕ ಬಂದಿದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಂ.ಎ., ಆಮೇಲೆ ಪಿಎಚ್‌.ಡಿ. ಮಾಡೋ ಆಸೆ. ನನ್ನ ಕೈಲಿ ಆಗುತ್ತದಾ ಅಂತ ಹೇಗೆ ತಿಳಿಯೋದು? ಓದಿದವರು ದಯವಿಟ್ಟು ಹೇಳಿ.

ಪಿಎಚ್‌.ಡಿ. ಮುಗಿಸಿದವರು, ಮೈಸೂರು:
ನೋಡಮ್ಮ, ಅಂಕದಿಂದ ಇದು ಗೊತ್ತಾಗುವುದಿಲ್ಲ. ಬಿ.ಎ.ಯಲ್ಲಿ ಪ್ರಶ್ನೆ ಅವರು ಕೊಡುತ್ತಾರೆ, ಉತ್ತರ ನೋಟ್ಸಿನಲ್ಲಿರುತ್ತದೆ. ಸಂಶೋಧನೆಯಲ್ಲಿ ಪ್ರಶ್ನೆಯನ್ನೂ ನೀನೇ ಹುಡುಕಬೇಕು. ಅದು ನಿನಗೆ ಇಷ್ಟವಾ ಅಂತ ಈ ರಜೆಯಲ್ಲೇ ನೋಡಿಕೋ. ನಿಮ್ಮ ಮದ್ದೂರು ತಾಲ್ಲೂಕಿನ ಆತಕೂರು ಶಾಸನ ತೆಗೆದುಕೋ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ, ಅದರಲ್ಲಿ ಕೆತ್ತಿರುವ ಬರಹ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳಲ್ಲಿ ಸಿಗುತ್ತದೆ. ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಗೆದ್ದದ್ದು, ಗಂಗರ ಬೂತುಗ ಅವನ ಜೊತೆ ನಿಂತದ್ದು ಅದರಲ್ಲಿದೆ. ಕಾಳಿ ಅನ್ನುವ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತದ್ದೂ ಅದೇ ಕಲ್ಲಲ್ಲಿದೆ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ನಿನಗೆ ಇಷ್ಟಕ್ಕೇ ಸಾಕು ಅನ್ನಿಸುತ್ತದಾ? ಅಷ್ಟು ದೊಡ್ಡ ಯುದ್ಧದ ಪಕ್ಕದಲ್ಲೇ ಒಂದು ನಾಯಿಯ ಸಾವನ್ನು ಯಾಕೆ ಕೆತ್ತಿಸಿದರು? ಆ ಕಲ್ಲಿಗೆ ಭೂಮಿ ಬಿಟ್ಟರಲ್ಲ, ಅದನ್ನು ಉಳುತ್ತಿದ್ದವರು ಯಾರು? ಇಂಥ ಪ್ರಶ್ನೆ ತಾನಾಗಿ ಎದ್ದರೆ ಬಹಳ ಒಳ್ಳೆಯದು. ಉತ್ತರ ಸಿಗದಿದ್ದರೂ ಪರವಾಗಿಲ್ಲ. ಐದಾರು ಪುಟ ನಿನ್ನದೇ ಮಾತಿನಲ್ಲಿ ಬರೆದು ಮೇಷ್ಟ್ರಿಗೆ ತೋರಿಸು. ಅವರು ಕೆಂಪು ಇಂಕಿನಲ್ಲಿ ಗೀಚಿ ಕೊಡುತ್ತಾರೆ. ಅದನ್ನು ನೋಡಿ ಮತ್ತೆ ಬರೆಯೋಣ ಅನ್ನಿಸಿದರೆ ಧೈರ್ಯವಾಗಿ ಬಾ. ಬೇಜಾರಾಗಿ ಮುಚ್ಚಿಟ್ಟರೆ ಸ್ವಲ್ಪ ಯೋಚನೆ ಮಾಡು. ಈ ದಾರಿಯಲ್ಲಿ ತಿದ್ದುವುದೇ ಜಾಸ್ತಿ.

ಪಿಯು ಉಪನ್ಯಾಸಕಿ, ಮಂಡ್ಯ:
ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ಎಂ.ಎ.ಯಲ್ಲಿ ಓದಬೇಕಾದ ಪುಸ್ತಕಗಳು ಹೆಚ್ಚು ಇಂಗ್ಲಿಷಿನಲ್ಲೇ ಇವೆ. ಮುಂದೆ ಸಂಶೋಧನೆಗೆ, ಉಪನ್ಯಾಸಕ ಹುದ್ದೆಗೆ ಬರೆಯುವ ನೆಟ್ (ಎನ್‌ಇಟಿ) ಅರ್ಹತಾ ಪರೀಕ್ಷೆಯಲ್ಲಿ ಇತಿಹಾಸದ ಪ್ರಶ್ನೆಗಳೂ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಈಗಿನಿಂದಲೇ ದಿನಕ್ಕೆ ಎರಡು ಪುಟ ಓದಿ, ಓದಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಿ. ಬರೆಯೋಕೆ ಬರದಿದ್ದರೆ ಅರ್ಥ ಆಗಿಲ್ಲ ಅಂತಲೇ ತಿಳಿಯಿರಿ. ಹಾಗಂತ ಹಿಂಜರಿಯಬೇಡಿ. ಹಳಗನ್ನಡ ಓದಬಲ್ಲ ವಿದ್ಯಾರ್ಥಿ ಈ ನಾಡಿನ ಇತಿಹಾಸಕ್ಕೆ ತುಂಬಾ ಬೇಕು, ಅದು ನಿಮ್ಮ ಬಲ.

ಸಂಶೋಧನಾ ವಿದ್ಯಾರ್ಥಿ, ಮೈಸೂರು:
ದುಡ್ಡಿನ ಮಾತೂ ಆಡಲೇಬೇಕಲ್ವಾ. ಎಂ.ಎ. ಎರಡು ವರ್ಷ, ಪಿಎಚ್‌.ಡಿ.ಗೆ ಕಡಿಮೆ ಅಂದರೂ ಮೂರು ವರ್ಷ. ನೆಟ್‌ನಲ್ಲಿ ಹೆಚ್ಚು ಅಂಕ ಪಡೆದವರಿಗೆ ಕೊಡುವ ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಆದರೆ ಎಲ್ಲರಿಗೂ ಸಿಗುವುದಿಲ್ಲ. ಸಿಗದಿದ್ದರೆ ಹೇಗೆ ಅಂತ ಅಪ್ಪ ಅಮ್ಮನ ಜೊತೆ ಈಗಲೇ ಕೂತು ಮಾತಾಡಿ. ಪಿಎಚ್‌.ಡಿ. ನಿರ್ಧಾರ ಇವತ್ತೇ ಆಗಬೇಕಿಲ್ಲ. ಎಂ.ಎ.ಗೆ ಮಂಡ್ಯದಿಂದ ರೈಲಿನಲ್ಲಿ ಓಡಾಡಿಕೊಂಡೇ ಓದಬಹುದು, ಹಾಸ್ಟೆಲ್ ಖರ್ಚು ಉಳಿಯುತ್ತದೆ.