ಪದ ಬೇಕು: ‘ಪೇಗನ್’, ‘ಹೀದನ್’ (ತುರ್ತು)

ಬಳಗಕ್ಕೆ ನಮಸ್ಕಾರ. ಕ್ರೈಸ್ತ ಹಬ್ಬಗಳಿಗೆ ಹಳೆಯ ಯೂರೋಪಿನ ಆಚರಣೆಗಳಿಂದ ಏನೇನು ಬಂತು ಅನ್ನುವ ಲೇಖನವೊಂದನ್ನು ಅನುವಾದ ಮಾಡುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ಕ್ರೈಸ್ತರಾಗದೆ ಹಳೆ ದೇವರುಗಳನ್ನು ಪೂಜಿಸುತ್ತಿದ್ದವರಿಗೆ ಹೇಳುವ ‘ಪೇಗನ್’, ‘ಹೀದನ್’ ಎರಡೂ ಸಾಲು ಸಾಲಿಗೆ ಬರುತ್ತವೆ. ಸದ್ಯಕ್ಕೆ ಎರಡಕ್ಕೂ ‘ಅನ್ಯಧರ್ಮೀಯ’ ಅಂತ ಹಾಕಿದ್ದೇನೆ. ಆದರೆ ‘ಅನ್ಯಧರ್ಮೀಯರ ಸೂರ್ಯನ ಹಬ್ಬ’ ಅಂದರೆ ಯಾರು ಯಾರಿಗೆ ಅನ್ಯ ಅನ್ನುವುದೇ ತಿಳಿಯುವುದಿಲ್ಲ. ಬೇರೆ ಪದ ಇದೆಯಾ?

*

ಇದೆ. ‘ಪೇಗನ್’ ಲ್ಯಾಟಿನ್ನಿನ ‘ಪಾಗಾನುಸ್’. ‘ಪಾಗುಸ್’ ಅಂದರೆ ಹಳ್ಳಿಗಾಡು, ಅಲ್ಲಿಯವನು ಪಾಗಾನುಸ್. ‘ಹೀದನ್’ ಕೂಡ ‘ಹೀತ್’ನಿಂದ, ಅಂದರೆ ಕುರುಚಲು ಬೆಳೆದ ಬೀಳು ನೆಲ. ಹಾಗಾಗಿ ‘ಹಳ್ಳಿಗ’, ‘ಬೀಳಿಗ’. ಕನ್ನಡದಲ್ಲೇ ಮುಗಿಯುವ ಕೆಲಸಕ್ಕೆ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು?

*

> ಹಾಗಾಗಿ ‘ಹಳ್ಳಿಗ’, ‘ಬೀಳಿಗ’

ದಯವಿಟ್ಟು ಬೇಡ. ‘ಹಳ್ಳಿಗರ ಸೂರ್ಯನ ಹಬ್ಬ’ ಅಂದರೆ ಓದುವವರು ಮಂಡ್ಯ ಕಡೆಯ ಸಂಕ್ರಾಂತಿ ಅಂದುಕೊಳ್ಳುತ್ತಾರೆ. ಆ ಸೂರ್ಯದೇವರಿಗೆ ರೋಮ್ ನಗರದಲ್ಲೇ 274ರಲ್ಲಿ ಗುಡಿ ಕಟ್ಟಿಸಿದವನು ಚಕ್ರವರ್ತಿ ಆರೇಲಿಯನ್. 384ರಲ್ಲಿ ‘ವಿಜಯದೇವತೆಯ ಪೀಠವನ್ನು ಮತ್ತೆ ಸೆನೆಟ್ ಸಭಾಭವನದಲ್ಲಿ ಇಡಿಸಿ’ ಅಂತ ಅರಮನೆಗೆ ಮನವಿ ಬರೆದ ಸಿಮ್ಮಾಕಸ್ ಆ ನಗರದ ಮುಖ್ಯಾಧಿಕಾರಿ. ಇವರೂ ಪೇಗನ್ನರೇ. ಯಾವ ಹಳ್ಳಿ ಸ್ವಾಮಿ ಇವರದು? ಮೇಲಾಗಿ ರೋಮನ್ ಸೈನಿಕರ ಮಾತಿನಲ್ಲಿ ‘ಪಾಗಾನುಸ್’ ಅಂದರೆ ಸೈನಿಕನಲ್ಲದವನು. ತಮ್ಮನ್ನು ಕ್ರಿಸ್ತನ ಸೈನಿಕರು ಅಂದುಕೊಂಡವರು ಹೊರಗಿನವರಿಗೆ ಅದೇ ಹೆಸರು ಇಟ್ಟರು ಅನ್ನುವ ವಾದವೂ ಇದೆ.

ಅನುವಾದಕರೇ, ನೀವು ನೋಡಬೇಕಾದ್ದು ಬೇರು ಅಲ್ಲ, ಮಾತಾಡುತ್ತಿರುವವರು ಯಾರು ಅನ್ನುವುದು. ಎರಡೂ ಚರ್ಚಿನವರು ಹೊರಗಿನವರಿಗೆ ಅಂಟಿಸಿದ ಹೆಸರು. ಲೇಖಕರ ಮಾತಾದರೆ ‘ಕ್ರೈಸ್ತಪೂರ್ವ’ ಸಾಕು. ಚರ್ಚಿನ ಮಾತಾದರೆ ನಮ್ಮ ಬೈಬಲ್ಲಿನ ‘ಅನ್ಯಜನರು’ ಹಾಕಿ, ತಿರಸ್ಕಾರ ಹಾಗೇ ಉಳಿಯಲಿ. 601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿಗೆ ಧರ್ಮಪ್ರಚಾರಕ್ಕೆ ಹೊರಟಿದ್ದ ಪಾದ್ರಿ ಮೆಲ್ಲಿಟಸ್‌ಗೆ ಬರೆದ ಪತ್ರ ನಿಮ್ಮ ಲೇಖನದಲ್ಲಿ ಬಂದೇ ಬರುತ್ತದೆ. ಗುಡಿ ಕೆಡವಬೇಡಿ, ವಿಗ್ರಹ ಮಾತ್ರ ಒಡೆಯಿರಿ, ಪವಿತ್ರ ನೀರು ಚಿಮುಕಿಸಿ, ದೆವ್ವಗಳಿಗೆ ಎತ್ತು ಕಡಿಯುತ್ತಿದ್ದವರು ಇನ್ನು ಹುತಾತ್ಮರ ಹಬ್ಬಕ್ಕೆ ಕಡಿದು ಉಣ್ಣಲಿ ಅನ್ನುತ್ತದೆ ಅದು. ಅಲ್ಲಿ ‘ಕ್ರೈಸ್ತಪೂರ್ವ’ ಅಂತ ಹಾಕಿದರೆ ಪೋಪ್ ಬಾಯಲ್ಲಿ ಇತಿಹಾಸದ ಮೇಷ್ಟ್ರು ಮಾತಾಡಿದ ಹಾಗೆ ಕೇಳಿಸುತ್ತದೆ.

*

> ‘ಕ್ರೈಸ್ತಪೂರ್ವ’ ಸಾಕು

ಮತ್ತೆ ಸಂಸ್ಕೃತ. ‘ಹಳೆನಂಬಿಕೆಯವರು’ ಅನ್ನಲು ನಾಲಿಗೆ ನೋಯುತ್ತದೆಯೇ?

*

ನೋಯುವುದಿಲ್ಲ. ಆದರೆ ಯಹೂದಿಗಳದ್ದೂ ಹಳೆ ನಂಬಿಕೆಯೇ, ಅವರನ್ನು ಎಲ್ಲಿ ಇಡುತ್ತೀರಿ? ಸುಮ್ನೆ ‘ಪೇಗನ್’ ಅಂತಲೇ ಇಟ್ಟು, ಮೊದಲ ಸಲ ಬಂದಾಗ ಒಂದು ಸಾಲು ವಿವರಿಸಿ. ಬಸ್ಸು, ಬ್ಯಾಂಕು ಬಂದಿಲ್ಲವೇ?

*

ಬಸ್ಸಿಗೆ ದಿನಾ ಹತ್ತುತ್ತೇವೆ ಸ್ವಾಮಿ. ಪೇಗನ್‌ಗೆ ಯಾರು ಹತ್ತುತ್ತಾರೆ?

*

ಜಗಳದ ನಡುವೆ ಒಂದು ಮಾತು. ಡಿಸೆಂಬರ್ 25 ಸೂರ್ಯನ ಹಬ್ಬದಿಂದಲೇ ಬಂತು ಅಂತ ಲೇಖನ ಖಡಾಖಂಡಿತ ಹೇಳಿದರೆ ಅಡಿಟಿಪ್ಪಣಿ ಹಾಕಿ. 354ರ ರೋಮನ್ ಪಂಚಾಂಗದಲ್ಲಿ ಆ ತಾರೀಖಿಗೆ ಸೂರ್ಯನ ಹಬ್ಬ, ಕ್ರಿಸ್ತನ ಹುಟ್ಟು ಎರಡೂ ಇವೆ. ಮಾರ್ಚ್ 25ಕ್ಕೆ ಮರಿಯಮ್ಮನಿಗೆ ಗರ್ಭಧಾರಣೆ, ಅಲ್ಲಿಂದ ಒಂಬತ್ತು ತಿಂಗಳು ಅನ್ನುವ ಲೆಕ್ಕವೂ ಇದೆ. ‘ಈಸ್ಟರ್’ ವಿಷಯವೂ ಹಾಗೇ. ಆ ಹೆಸರು ಎಯೋಸ್ಟ್ರೆ ದೇವತೆಯಿಂದ ಬಂತು ಅಂದವನು ಇಂಗ್ಲೆಂಡಿನ ಸಂನ್ಯಾಸಿ ಬೀಡ್, 725ರಲ್ಲಿ. ಇಂಗ್ಲಿಷ್, ಜರ್ಮನ್ ಬಿಟ್ಟರೆ ಯೂರೋಪಿನ ಹೆಚ್ಚಿನ ಭಾಷೆಗಳಲ್ಲಿ ಹಬ್ಬದ ಹೆಸರು ಯಹೂದಿಗಳ ಪಸ್ಕ ಹಬ್ಬದಿಂದ ಬಂದದ್ದು. ಹೆಸರೊಂದು ಹಿಡಿದು ಹಬ್ಬವೇ ಪೇಗನ್ ಅನ್ನುವುದು ಜಾಸ್ತಿಯಾಯಿತು, ಅಲ್ವಾ?

ನಮ್ಮ ಮಂಗಳೂರು ಕಡೆ ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬ ಮೊಂತಿ ಫೆಸ್ತ್‌ಗೆ ಹೊಸ ಭತ್ತದ ತೆನೆ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸುತ್ತಾರೆ. ಕನ್ನಡದಲ್ಲಿ ಅದು ತೆನೆಹಬ್ಬ. ಅದಕ್ಕೆ ‘ಅನ್ಯಜನರ ಪ್ರಭಾವ’ ಅನ್ನುವ ಹೆಸರು ಇಟ್ಟು ನೋಡಿ, ನಮ್ಮ ಮನೆಯವರೇ ಹೊಡೆಯುತ್ತಾರೆ.

*

ಎಲ್ಲರಿಗೂ ಧನ್ಯವಾದ. ಲೇಖಕರ ಮಾತಿಗೆ ‘ಕ್ರೈಸ್ತಪೂರ್ವ’, ಗ್ರೆಗರಿ ಪತ್ರಕ್ಕೆ ‘ಅನ್ಯಜನರು’. ಶೀರ್ಷಿಕೆ: ‘ಕ್ರೈಸ್ತ ಹಬ್ಬಗಳಲ್ಲಿ ಹಳೆ ದೇವರುಗಳ ನೆರಳು’. ಸರಿಯಾ?

*

‘ನೆರಳು’ ಬೇಡ, ಭೂತದ ಕತೆ ಅನ್ನಿಸುತ್ತದೆ. ‘ಗುರುತು’ ಅನ್ನಿ.

*

‘ಗುರುತು’ ಅಚ್ಚಗನ್ನಡ. ಒಪ್ಪಿದೆ. ‘ಕ್ರೈಸ್ತಪೂರ್ವ’ ಒಪ್ಪಿಲ್ಲ.